ಬಿಚ್ಚದೆ ಬಿಡಬೇಕಿದ್ದ ಕಾರ್ಬೊರೇಟರ್

ಅಪ್ಪನ ಬೈಕಿಗೆ ಎರಡು ಸಿಲಿಂಡರು, ಹಾಗಾಗಿ ಕಾರ್ಬೊರೇಟರೂ ಎರಡು. ಅಪ್ಪ ತೀರಿಕೊಂಡ ಮೇಲೆ ಹನ್ನೊಂದು ವರ್ಷ ಅದು ಖಾನಾಪುರದಲ್ಲಿ ಅಕ್ಕನ ಮನೆಯ ಪಡಸಾಲೆಯಲ್ಲಿ ನಿಂತಿತ್ತು. ಹನ್ನೊಂದು ಅನ್ನುವುದು ನನ್ನ ಲೆಕ್ಕ, ಅಕ್ಕ ಹದಿಮೂರು ಅನ್ನುತ್ತಾಳೆ. ಕಳೆದ ಸಲ ಮಳೆಗಾಲ ಮುಗಿಯುತ್ತಲೇ ಅವಳು ಫೋನ್ ಮಾಡಿದಳು. ಹಳೆಯ ಬೈಕು ಕೊಳ್ಳುವ ಗೋವಾದವರೊಬ್ಬರು ಮುಂದಿನ ಭಾನುವಾರ ಬರುತ್ತಾರೆ, ಕೊಟ್ಟುಬಿಡುತ್ತೇನೆ ಎಂದಳು. ನಾನು ಬೇಡವೆಂದೆ.

"ಹಂಗಾರ ಚಾಲೂ ಮಾಡಿ ತೋರ್ಸು," ಅಂದಳು. "ಶನಿವಾರದೊಳಗ ಚಾಲೂ ಆದ್ರ ಇರ್ಲಿ. ಇಲ್ಲಂದ್ರ ಹೋಗ್ಲಿ."

ಮರುದಿನವೇ ಹೋಗಿ ಎರಡೂ ಕಾರ್ಬೊರೇಟರ್ ಕಳಚಿ ಚೀಲದಲ್ಲಿ ಹಾಕಿಕೊಂಡು ಬಸ್ಸು ಹತ್ತಿದೆ. ಹುಳಿತ ಪೆಟ್ರೋಲಿನ ವಾಸನೆಗೆ ಪಕ್ಕದವರು ಎದ್ದು ಹಿಂದಿನ ಸೀಟಿಗೆ ಹೋದರು. ಬೆಳಗಾವಿಯ ಮನೆಯಲ್ಲಿ ಊಟದ ಮೇಜಿನ ಮೇಲೆ ಪೇಪರು ಹಾಸಿ, ಎರಡನ್ನೂ ಬಿಚ್ಚಿ ಹಿಟ್ಟು ನಾದುವ ಒಂದೇ ಪರಾತದಲ್ಲಿ ಪೆಟ್ರೋಲು ಸುರಿದು ನೆನೆಹಾಕಿದೆ. ಪರಾತ ಇನ್ನು ನಿಮಗೇ ಇರಲಿ ಎಂದಳು ಹೆಂಡತಿ. ಒಳಗೆಲ್ಲ ಬೆಲ್ಲದ ಪಾಕದಂತೆ ಕಂದು ಅಂಟು. ಸಣ್ಣ ತೂತುಗಳನ್ನು ಬೆಳಕಿಗೆ ಹಿಡಿದು, ಆಚೆ ಕಡೆ ಚುಕ್ಕಿಯಷ್ಟು ಬಿಳುಪು ಕಾಣುವವರೆಗೂ ಊದಿದೆ. ತುಂಡಾದ ಒಂದು ಸ್ಕ್ರೂವಿನ ಬದಲಿಗೆ ಹೊಸದನ್ನು ಊರ ಹೊರಗಿನ ಮಚ್ಛೆಯ ಲೇಥ್ ಅಂಗಡಿಯವರು ಮಾಡಿಕೊಟ್ಟರು.

ಇತಿಹಾಸದಲ್ಲಿ ಎಂ.ಎ. ಮಾಡಿದವನು ನಾನು, ಯಾರ ನೆನಪನ್ನೂ ಸುಮ್ಮನೆ ನಂಬಬಾರದೆಂದು ಕಲಿತವನು. ಹಾಗಾಗಿ ಬಿಚ್ಚುವಾಗ ಹೆಜ್ಜೆಹೆಜ್ಜೆಗೂ ಫೋಟೋ ತೆಗೆದಿದ್ದೆ. ಫೋಟೋ ತೆಗೆಯದೆ ಬಿಟ್ಟಿದ್ದು ಸ್ಲೈಡುಗಳದ್ದು ಮಾತ್ರ. ಆಕ್ಸಿಲರೇಟರ್ ತಿರುಗಿಸಿದರೆ ಮೇಲೆ ಕೆಳಗೆ ಆಡುವ, ಹೆಬ್ಬೆರಳಿನಷ್ಟು ದಪ್ಪದ ಎರಡು ಕೊಳವೆಗಳು ಅವು. ಪ್ರತಿಯೊಂದರ ತಳದ ಒಂದು ಬದಿ ಓರೆಯಾಗಿ ಕತ್ತರಿಸಿರುತ್ತದೆ. ಆ ಕತ್ತರಿಸಿದ ಬದಿ ಎಂಜಿನ್ನಿನ ಕಡೆಗಿತ್ತು ಎಂದು ನನಗೆ ಚೆನ್ನಾಗಿ ನೆನಪಿತ್ತು. ಅಷ್ಟು ಚೆನ್ನಾಗಿ ನೆನಪಿದ್ದದ್ದಕ್ಕೇ ಅನುಮಾನ ಬರಬೇಕಿತ್ತು.

ಶನಿವಾರ ಬೆಳಿಗ್ಗೆ ಖಾನಾಪುರದ ಅಂಗಳದಲ್ಲಿ ಎಲ್ಲ ಜೋಡಿಸಿ ಕಿಕ್ಕರ್ ಒದ್ದೆ. ಒಂಬತ್ತೋ ಹತ್ತೋ ಒದೆತಕ್ಕೆ ಬೈಕು ಹೊತ್ತಿಕೊಂಡಿತು, ಹೊತ್ತಿಕೊಂಡದ್ದೇ ಕಿರುಚತೊಡಗಿತು. ಆಕ್ಸಿಲರೇಟರ್ ಬಿಟ್ಟರೂ ಇಳಿಯಲಿಲ್ಲ. ಅಂಗಳ ತುಂಬ ಹೊಗೆ. ಗಾಬರಿಯಾಗಿ ಕೀಲಿ ತಿರುಗಿಸಿ ಬಂದ್ ಮಾಡಿದೆ. ಅಕ್ಕ ಕಿವಿಯಿಂದ ಕೈ ತೆಗೆದು, ಇದನ್ನು ಚಾಲೂ ಅನ್ನುವುದಾದರೆ ಗೋವಾದವರಿಗೆ ಇವತ್ತೇ ಬನ್ನಿ ಅನ್ನುತ್ತೇನೆ ಎಂದಳು.

ಸದ್ದು ಕೇಳಿ ಬಾಜೂ ಮನೆಯ ಚಾಚಾ ಬಂದರು. ಅಪ್ಪ ಇದ್ದಾಗ ಈ ಬೈಕಿನ ರಿಪೇರಿಯೆಲ್ಲ ಅವರದೇ. ಗ್ಯಾರೇಜು ಮುಚ್ಚಿ ಬಹಳ ವರ್ಷವಾಗಿತ್ತು. ಬೈಕು ಮುಟ್ಟದೆ ನನ್ನನ್ನು ಕೇಳಿದರು.

"ಎರಡೂ ಒಮ್ಮಿಗೇ ಬಿಚ್ಚಿದ್ರೇನ್ರಿ ಸರ?"

ಹೌದು, ಎರಡನ್ನೂ ಒಂದೇ ಪರಾತದಲ್ಲಿ ನೆನೆಹಾಕಿದ್ದೆ ಎಂದೆ.

"ಒಂದು ಬಿಚ್ಚಿ ಜೋಡಿಸೂತನಾ ಇನ್ನೊಂದಕ್ಕ ಕೈ ಹಚ್ಚಬಾರ್ದ್ರಿ. ಅದು ಸಾಕ್ಷಿ. ನೀವು ಸಾಕ್ಷಿನೂ ಪರಾತದಾಗ ಮುಳುಗಿಸೀರಿ."

ಅಕ್ಕ ನಕ್ಕಳು. ನಾನು ನನಗೆ ನೆನಪಿದ್ದದ್ದನ್ನು ಹೇಳತೊಡಗಿದೆ. ಚಾಚಾ ಅರ್ಧಕ್ಕೇ ತಡೆದರು.

"ನೆನಪು ಇರ್ಲಿ ಬಿಡ್ರಿ. ಗಾಳಿ ಯಾವ ಕಡಿಂದ ಬರತೈತಿ?"

ಹಿಂದಿನಿಂದ, ಫಿಲ್ಟರಿನ ಕಡೆಯಿಂದ ಎಂದೆ. ಹೇಳುವಷ್ಟರಲ್ಲಿ ನನಗೇ ಹೊಳೆಯಿತು. ಕತ್ತರಿಸಿದ ಬದಿ ಗಾಳಿ ಒಳಗೆ ಬರುವ ದಾರಿ, ಅದು ಹಿಂದಕ್ಕೇ ಇರಬೇಕು. ಬದಿಯ ಗೀರಿನಿಂದಾಗಿ ಒಂದು ಸ್ಲೈಡು ತನ್ನ ಕಾರ್ಬೊರೇಟರಿನಲ್ಲಿ ಹಿಂದಕ್ಕೆ, ಇನ್ನೊಂದರಲ್ಲಿ ಮುಂದಕ್ಕೆ ಮಾತ್ರ ಮುಖ ಮಾಡಿ ಕೂರುತ್ತದೆ; ಕತ್ತರಿಸಿದ ಬದಿ ಎಂಜಿನ್ನಿನ ಕಡೆ ಬರಲೆಂದು ನಾನು ಎಡದ ಸ್ಲೈಡನ್ನು ಬಲಕ್ಕೆ, ಬಲದ್ದನ್ನು ಎಡಕ್ಕೆ ಹಾಕಿದ್ದೆ. ಇದನ್ನು ನೆನಪಿಡುವ ಅಗತ್ಯವೇ ಇರಲಿಲ್ಲ, ಯೋಚಿಸಿದ್ದರೆ ಸಾಕಿತ್ತು. ವಿಚಿತ್ರವೆಂದರೆ ನನಗೆ ನಾಚಿಕೆಗಿಂತ ನಿರಾಳವೇ ಹೆಚ್ಚಾಯಿತು.

ಮುಚ್ಚಳ ತೆಗೆದು ಸ್ಲೈಡುಗಳನ್ನು ಅದಲುಬದಲು ಮಾಡಲು ಅರ್ಧ ಗಂಟೆ ಹಿಡಿಯಿತು. ಚಾಚಾ ಮೆಟ್ಟಿಲ ಮೇಲೆ ಕೂತು ಚಹಾ ಕುಡಿದರು, ಒಮ್ಮೆಯೂ ಕೈ ಹಾಕಲಿಲ್ಲ. ಎರಡನೇ ಒದೆತಕ್ಕೆ ಬೈಕು ಚಾಲೂ ಆಯಿತು. ಮೊದಲು ತೊದಲಿತು, ಆಮೇಲೆ ಎರಡೂ ಸಿಲಿಂಡರು ಕೂಡಿಕೊಂಡು ಒಂದೇ ಹದದಲ್ಲಿ ನಿಂತವು. ಚಾಚಾ ಒಂದು ಸ್ಕ್ರೂ ತೋರಿಸಿ ಕಾಲು ಸುತ್ತು ಸಡಿಲಿಸಲು ಹೇಳಿದರು. ಸದ್ದು ಇನ್ನಷ್ಟು ತಗ್ಗಿತು.

ಅಕ್ಕ ಒಳಗೆ ಹೋಗಿ ಫೋನ್ ತಂದಳು. ಗಾಡಿ ಕೊಡುವುದಿಲ್ಲ, ನಾಳೆ ಬರಬೇಡಿ ಎಂದು ಮರಾಠಿಯಲ್ಲಿ ಹೇಳಿದಳು. ಆ ಕಡೆಯವರಿಗೆ ಕೇಳಿಸಲಿಲ್ಲವೆಂದು ಕಾಣುತ್ತದೆ, ಮತ್ತೆ ಜೋರಾಗಿ ಹೇಳಿದಳು. ಬಂದ್ ಮಾಡೋ ಎಂದು ನನ್ನತ್ತ ಕೈಯಾಡಿಸಿದಳು.

ನಾನು ಬಂದ್ ಮಾಡಲಿಲ್ಲ.