ಬಾಯಾರಿದರೂ ಬಾಯಿ ಬಿಡದ ಹುಡುಗಿಯರು

ಮಗಳ ನೀರಿನ ಬಾಟಲಿ ಬೆಳಗ್ಗೆ ಹೇಗೆ ತುಂಬಿ ಹೋಗುತ್ತಿತ್ತೋ ಸಂಜೆ ಹಾಗೇ ತುಂಬಿಕೊಂಡು ವಾಪಸ್ ಬರುತ್ತಿತ್ತು.

ನಾನು ಬೈಯುತ್ತಿದ್ದೆ. ಅವಳು "ಮರೆತೋಯ್ತಮ್ಮ" ಎನ್ನುತ್ತಿದ್ದಳು. ಐದನೇ ಕ್ಲಾಸಿನ ಹುಡುಗಿ, ಆಟದ ಹುಚ್ಚು, ಮರೆತಿರಬಹುದು ಎಂದು ನಾನೂ ನಂಬಿದ್ದೆ. (ಬಾಟಲಿಗೆ ಚಿಟ್ಟೆಯ ಚಿತ್ರ ಇದ್ದರೆ ಕುಡಿಯುತ್ತಾಳೆಂದು ಹೊಸದನ್ನೂ ತಂದುಕೊಟ್ಟಿದ್ದೆ. ಅಮ್ಮಂದಿರ ಬುದ್ಧಿ ಓಡುವುದೇ ಅಷ್ಟು ದೂರ.)

ಕಳೆದ ತಿಂಗಳು ಒಂದು ಶನಿವಾರ ಅವಳ ಟೀಮಿಗೆ ಹನೂರಿನ ಕಡೆ ಖೋ ಖೋ ಮ್ಯಾಚ್ ಇತ್ತು. ಕೊಳ್ಳೇಗಾಲದಿಂದ ನಾನೂ ಜೊತೆಗೆ ಹೋದೆ. ಹನ್ನೊಂದು ಗಂಟೆಗೇ ಬಿಸಿಲು ನೆತ್ತಿ ಸುಡುತ್ತಿತ್ತು. ನನ್ನ ನಿಧಿ ಚೆನ್ನಾಗಿಯೇ ಓಡುತ್ತಿದ್ದಳು. ಇದ್ದಕ್ಕಿದ್ದಂತೆ ಕಂಬದ ಹತ್ತಿರ ನಿಂತಳು. ತಲೆ ಹಿಡಿದುಕೊಂಡಳು. ಹಾಗೇ ಕುಸಿದು ಕೂತಳು.

ನಾನು ಓಡಿದೆ. ತುಟಿ ಒಣಗಿ ಬಿಳಿಚಿಕೊಂಡಿತ್ತು. ಏನು ಮಾಡಬೇಕೆಂದು ತೋಚಲಿಲ್ಲ.

ತೋಚಿದ್ದು ಮಾದೇವಮ್ಮನಿಗೆ. ಲೊಕ್ಕನಹಳ್ಳಿಯವರು. ಅದೇ ಟೀಮಿನ ಸೌಮ್ಯಾಳ ಅಜ್ಜಿ. ಮೊಮ್ಮಗಳ ಆಟ ನೋಡಲು ಬಂದಿದ್ದವರು ನಿಧಿಯನ್ನು ಎತ್ತಿಕೊಂಡು ಹೊಂಗೆ ಮರದ ನೆರಳಿಗೆ ತಂದರು. ಒದ್ದೆ ಸೆರಗಿನಲ್ಲಿ ಮುಖ, ಕತ್ತು ಒರೆಸಿದರು. ಪಿಟಿ ಮೇಷ್ಟ್ರು ಓಆರ್‌ಎಸ್ ಕಲಸಿ ತಂದರು. ನಾನು ಲೋಟವನ್ನೇ ಅವಳ ಬಾಯಿಗೆ ಇಡಲು ಹೋದಾಗ ಮಾದೇವಮ್ಮ ನನ್ನ ಕೈ ಹಿಡಿದರು.

"ಗುಟುಕ್ ಗುಟುಕಾಗ್ ಕುಡ್ಸವ್ವ. ಒಂದೇ ಸಲ ಕುಡುದ್ರೆ ವಾಂತಿ ಆಯ್ತದೆ."

ಅರ್ಧ ಗಂಟೆಯಲ್ಲಿ ಮಗಳ ಮುಖಕ್ಕೆ ಕಳೆ ಬಂತು. ನನಗೆ ಕೋಪ ಬಂತು. ಪಕ್ಕದಲ್ಲೇ ನೀರಿತ್ತಲ್ಲ, ಯಾಕೆ ಕುಡಿಯಲಿಲ್ಲ ಎಂದು ಗದರಿದೆ. ಉತ್ತರ ಕೊಟ್ಟಿದ್ದು ಸೌಮ್ಯಾ.

"ನೀರ್ ಕುಡುದ್ರೆ ಒಂದಕ್ಕೆ ಓಗ್ಬೇಕಾಯ್ತದೆ ಆಂಟಿ. ಇಲ್ಲಿ ಬಾಗ್ಲಿಗೆ ಚಿಲ್ಕ ಇಲ್ಲ. ಅದ್ಕೇ ಆಟ ಇರೋ ದಿನ ನಾವ್ಯಾರೂ ಕುಡಿಯಲ್ಲ."

ಯಾರೂ? ಟೀಮಿನ ಅಷ್ಟೂ ಹುಡುಗಿಯರು ತಲೆಯಾಡಿಸಿದರು. ದಿನಾ ಪ್ರಾಕ್ಟೀಸ್ ಮಾಡುವ ಮೈದಾನದಲ್ಲೂ ಇದೇ ಕಥೆಯಂತೆ. ಒಬ್ಬಳು ಬೆಳಗ್ಗೆ ಹಾಲನ್ನೂ ಬಿಟ್ಟು ಬಂದಿದ್ದಳು. ಹತ್ತು ವರ್ಷದ ಮಕ್ಕಳು ತಮ್ಮಷ್ಟಕ್ಕೆ ತಾವೇ ಮಾಡಿಕೊಂಡ ಏರ್ಪಾಡು ಇದು. ಮೇಷ್ಟ್ರಿಗೆ ಹೇಳಲು ನಾಚಿಕೆ. ಅಮ್ಮನಿಗೆ ಹೇಳಲು ಭಯ, ಎಲ್ಲಿ ಆಟವನ್ನೇ ಬಿಡಿಸಿಬಿಡುತ್ತಾಳೋ ಎಂದು.

ನಾನು ಬಿಡಿಸುತ್ತಿದ್ದೆನಾ? ನಿಜ ಹೇಳುತ್ತೇನೆ, ಬಿಡಿಸುತ್ತಿದ್ದೆನೇನೋ.

ಮೇಷ್ಟ್ರ ಮುಖ ಸಣ್ಣದಾಯಿತು. ತಾವು ಇದನ್ನು ಯೋಚಿಸಿಯೇ ಇರಲಿಲ್ಲ ಎಂದು ಒಪ್ಪಿಕೊಂಡರು. ಅಷ್ಟರಲ್ಲಿ ಮಾದೇವಮ್ಮ ಎದ್ದು ಸೆರಗು ಸಿಕ್ಕಿಸಿಕೊಂಡಿದ್ದರು.

"ಬಾಗ್ಲಲ್ಲಿ ನಾ ನಿಂತ್ಕತೀನಿ. ಒಬ್ಬೊಬ್ರೇ ಓಗ್ಬನ್ನಿ ಮಕ್ಕಳಾ."

ಹುಡುಗಿಯರು ಸಾಲಾಗಿ ಹೋಗಿಬಂದರು. ಬಂದವರು ನೀರು ಕುಡಿದರು. ಎಷ್ಟು ಕುಡಿದರೆಂದರೆ, ಬಾಟಲಿಗಳನ್ನು ನಾನು ಮತ್ತೆ ತುಂಬಿಸಿ ತರಬೇಕಾಯಿತು. ನಿಧಿ ಆ ದಿನ ಮತ್ತೆ ಆಡಲಿಲ್ಲ. ನೆರಳಲ್ಲಿ ಕೂತು ಗೆಳತಿಯರ ಹೆಸರು ಕೂಗಿ ಕೂಗಿ ಗಂಟಲು ಕೆಡಿಸಿಕೊಂಡಳು.

ಸೋಮವಾರ ಮೇಷ್ಟ್ರೇ ಸ್ಕ್ರೂಡ್ರೈವರ್ ಹಿಡಿದು ಪ್ರಾಕ್ಟೀಸ್ ಮೈದಾನದ ಟಾಯ್ಲೆಟ್‌ಗೆ ಚಿಲಕ ಹಾಕಿದರು. ಈಗ ಅಲ್ಲಿ ಇಪ್ಪತ್ತು ನಿಮಿಷಕ್ಕೊಮ್ಮೆ ವಿಶಲ್ ಊದುತ್ತಾರೆ. ಬಾಯಾರಲಿ, ಬಾಯಾರದಿರಲಿ, ಎಲ್ಲರೂ ನೀರು ಕುಡಿಯಬೇಕು. ಹೊರಗೆ ಮ್ಯಾಚ್ ಇದ್ದರೆ ಅಮ್ಮಂದಿರಲ್ಲಿ ಒಬ್ಬರಾದರೂ ಜೊತೆಗೆ ಹೋಗುತ್ತೇವೆ.

ಮೊನ್ನೆ ಯಳಂದೂರಿನಲ್ಲಿ ಆಡಿದರು. ಒಂದು ಪಾಯಿಂಟಿನಿಂದ ಸೋತರು. ಆದರೆ ಕೊನೆಯ ನಿಮಿಷದವರೆಗೂ ಅಷ್ಟೂ ಜನ ಓಡಿದರು. ಟಾಯ್ಲೆಟ್ ಬಾಗಿಲು ಕಾಯುವ ಪಾಳಿ ಅವತ್ತು ನನ್ನದು. ಎದುರಾಳಿ ಟೀಮಿನ ಪುಟ್ಟ ಹುಡುಗಿಯೊಬ್ಬಳು ಹತ್ತಿರ ಬಂದು ಮೆಲ್ಲಗೆ ಕೇಳಿದಳು: "ನಮಗೂ ನಿಂತ್ಕತೀರಾ ಆಂಟಿ?"

ನಿಂತೆ. ನೀವು ನಿಮ್ಮೂರಿನ ಮೈದಾನಕ್ಕೆ ಯಾವಾಗ ಹೋಗಿ ಚಿಲಕ ಇದೆಯಾ ಎಂದು ನೋಡುತ್ತೀರಿ?