ಕೆಂಪು ಲೋಟದಿಂದ ಒಂದೇ ತಟ್ಟೆಗೆ: ಶ್ರೀಮತಿ ಎನೆರೆಸಿ ಕಪೇಸಿಯವರು

“ನಿನ್ನ ಕೆಂಪು ಲೋಟ ನೀನೇ ಇಟ್ಕೊ ತಾಯಿ. ನನ್ನ ಮೊಮ್ಮಗಳು ಅದರಲ್ಲಿ ಕುಡಿಯೋಲ್ಲ, ನಿನ್ನ ಅಂಗಳಕ್ಕೂ ಬರೋಲ್ಲ.”

ಹೀಗೆಂದು ಮುದುಕಿ ನಸಿಬೆಕೊ ಲೋಟವನ್ನು ಜಗಲಿಯ ಮೇಲೆ ಕುಕ್ಕಿ ಹೋದದ್ದು, ಮಲಾವಿಯ ನಮ್ಮ ಎಂಪೊಟೊಲಾ ಹಳ್ಳಿಯಲ್ಲಿ ಎನೆರೆಸಿಯವರು ಶಿಶುಕೇಂದ್ರ ಶುರುಮಾಡಿದ ಮೂರನೆಯ ವಾರ. ಹೆತ್ತವರಿಲ್ಲದ ಮಕ್ಕಳನ್ನು ಅನಾಥಾಲಯಕ್ಕೆ ಅಟ್ಟದೆ ಊರೇ ಸಾಕಬೇಕೆಂಬ ಕಾರ್ಯದಲ್ಲಿ ಇಂದು ಈ ಸೀಮೆಯವರು ಮೊದಲು ನೆನೆಯುವ ಹೆಸರು ಶ್ರೀಮತಿ ಎನೆರೆಸಿ ಕಪೇಸಿಯವರದು. ಇಪ್ಪತ್ತಾರು ವರ್ಷ ದುಡಿದು ಈಗ ನಿವೃತ್ತರಾಗುತ್ತಿರುವ ಆ ಹಿರಿಯರ ಸೇವೆ ಆರಂಭವಾದದ್ದು ಮಾತ್ರ ಈ ಬೈಗುಳದಿಂದ.

ತಪ್ಪು ಅವರದೇ, ಆದರೆ ಅಕ್ಕರೆಯ ತಪ್ಪು. ತಬ್ಬಲಿಗಳ ಗಂಜಿಗೆ ಒಂದು ಚಮಚ ಕಡಲೆಕಾಯಿ ಪುಡಿ ಹೆಚ್ಚು ಬೀಳಲಿ, ಬಡಿಸುವವರಿಗೆ ಗುರುತು ತಪ್ಪದಿರಲಿ ಎಂದು ಅಂಥ ಹದಿನೇಳು ಮಕ್ಕಳಿಗೆ ಕೆಂಪು ಲೋಟ ಕೊಟ್ಟಿದ್ದರು. ಉಳಿದ ಮಕ್ಕಳಿಗೆ ಅಷ್ಟೇ ಸಾಕಾಯಿತು. “ಏ ಕೆಂಪ್ಲೋಟ, ನಿಮ್ಮಮ್ಮ ಮಣ್ಣಲ್ಲಿದಾಳಂತೆ, ಹೌದೇನೆ?” ಎಂದು ನಸಿಬೆಕೊಳ ಮೊಮ್ಮಗಳಾದ ಆರು ವರ್ಷದ ಫಾಲೆಸಿಯನ್ನು ಯಾರೋ ಕೇಳಿದರು. ಅವಳು ಮನೆಯಲ್ಲೂ ಸರಿಯಾಗಿ ಉಣ್ಣದಾದಳು. ವಾರದೊಳಗೆ ಹದಿನೇಳು ಮಕ್ಕಳೂ ಬರುವುದನ್ನು ಬಿಟ್ಟರು. ಯಾರಿಗಾಗಿ ಒಲೆ ಹೊತ್ತಿಸಿದ್ದರೋ ಅವರೇ ಇಲ್ಲ.

ಎನೆರೆಸಿಯವರು ಲೋಟಗಳನ್ನು ಗೋಣಿಗೆ ತುಂಬಿ ಕಟ್ಟಿದರು. ನಮ್ಮಲ್ಲಿ ಮಕ್ಕಳು ಒಂದೇ ತಟ್ಟೆಯ ಸುತ್ತ ಕುಳಿತು ಮುದ್ದೆ ಮುರಿಯುವವರು. ಲೋಟ ಹಂಚಿದ್ದೇ ಹೊಸ ಬುದ್ಧಿ. ಗಂಜಿ ನಿಂತಿತು, ಐದೈದು ಮಕ್ಕಳಿಗೊಂದು ಮುದ್ದೆಯ ತಟ್ಟೆ ಬಂತು. ಎಲ್ಲರಿಗೂ ಸಾಲುವಷ್ಟು ಕಡಲೆಕಾಯಿಗಾಗಿ ಮನೆಮನೆಗೆ ಬುಟ್ಟಿ ಹಿಡಿದು ಹೋದರು. ಊರ ಮುಖ್ಯಸ್ಥರನ್ನು ಕಾಡಿ, ಅದನ್ನು ಬೆಳೆಯಲು ತೊರೆಯ ಪಕ್ಕದ ಹೊಲ ಪಡೆದರು. ಅನಾಥರ ಪಟ್ಟಿ ಬೇರೆಯಾಗಿ ಕೊಡಿ ಎಂದ ದಾನಿಗಳ ಪ್ರತಿನಿಧಿಗೆ, “ಇಲ್ಲಿರೋದು ಅರವತ್ತೆರಡು ಮಕ್ಕಳು ಸ್ವಾಮಿ. ಬೇರೆ ಪಟ್ಟಿ ಬೇಕಂದ್ರೆ ಬೇರೆ ಊರು ನೋಡ್ಕೊಳ್ಳಿ” ಎಂದರು. ಆತ ಹೋದ, ಹೊಲ ಉಳಿಯಿತು.

ಒಬ್ಬೊಬ್ಬರೇ ಮರಳಿದರು, ಫಾಲೆಸಿಯೊಬ್ಬಳನ್ನು ಬಿಟ್ಟು. ನಲವತ್ತು ಬೆಳಗು ಎನೆರೆಸಿಯವರು ಅವಳ ಬಾಗಿಲಲ್ಲಿ ನಿಂತು ಹೆಸರು ಹಿಡಿದು ಕರೆದರು. ನಲವತ್ತೊಂದನೆಯ ದಿನ ಅಜ್ಜಿಯೇ ಬೇಸತ್ತು, “ಹೋಗೇ ಮಾರಾಯ್ತಿ, ಈ ಹೆಂಗಸು ಸಾಯೋ ತನಕ ಬಿಡೋಳಲ್ಲ” ಎಂದು ಮೊಮ್ಮಗಳನ್ನು ಹೊರಗೆ ತಳ್ಳಿದಳು.

ಇಂದು ಹನ್ನೊಂದು ಹಳ್ಳಿಗಳಲ್ಲಿ ಅದೇ ತಟ್ಟೆಯ ಪದ್ಧತಿ. ಆ ಫಾಲೆಸಿಯವರೇ ಇನ್ನು ಕೇಂದ್ರದ ಹೊಣೆ ಹೊರಲಿದ್ದಾರೆ. ತೊರೆಯ ಹೊಲದ ಇನ್ನೂ ಹಲವು ಬೆಳೆಗಳನ್ನು ಎನೆರೆಸಿಯವರು ಕಣ್ಣಾರೆ ಕಾಣಲಿ, ಮಕ್ಕಳನ್ನು ಇನ್ನೂ ಕರೆಯದೆ ಉಳಿದ ಬಾಗಿಲುಗಳಿಗೆ ಹೋಗುವ ಬಲ ಆ ಕಾಲುಗಳಿಗಿರಲಿ.

ಬೀಳ್ಕೊಡುಗೆಯ ದಿನ ಅವರಿಗೆಂದು ಕುರ್ಚಿ ಹಾಕಿ, ಕೋಳಿಸಾರಿನ ತಟ್ಟೆಯನ್ನು ಬೇರೆಯಾಗಿ ಇಟ್ಟಿದ್ದರು.

“ಇವತ್ತೊಂದಿನ ಮೇಲೆ ಕೂತ್ಕೊಳ್ಳಿ ಅಮ್ಮ” ಎಂದರು ಫಾಲೆಸಿ.

“ನಂಗೂ ಕೆಂಪು ಲೋಟ ಕೊಡ್ತೀಯೇನೆ?”

ಫಾಲೆಸಿ ಕುರ್ಚಿಯನ್ನು ಗೋಡೆಗೆ ಒರಗಿಸಿ, ಚಾಪೆಯ ಮೇಲಿದ್ದ ಮಕ್ಕಳನ್ನು ತುಸು ಸರಿಸಿದರು. ಐದು ಕೈಗಳ ತಟ್ಟೆಗೆ ಆರನೆಯ ಕೈ ಬಂತು.