ಎರಡು ಗೆರೆಗಳ ನಡುವಿನ ಅನುಮಾನ

ಪಶ್ಚಿಮ ಸಮುದ್ರ ಇಳಿತಕ್ಕೆ ಹಿಂದೆ ಸರಿದು ಕೆಸರು ಬಯಲಿನ ಮೇಲೆ ಬೆಳಗಾಗುತ್ತಿದೆ. ಮೋ ಇನ್‌ಸುಕ್ ಅವರಿಗೆ ಅದು ಕಾಣುವುದಿಲ್ಲ. ಅವರು ಕೂತಿರುವ ಕೋಣೆಗೆ ಕಿಟಕಿಯೇ ಇಲ್ಲ. ಎದುರಿನ ರಾಡಾರ್ ಪರದೆಯ ಮೇಲೆ ಎರಡು ಉದ್ದ ಗೆರೆಗಳಿವೆ, ಒಂದೊಂದರ ತುದಿಗೂ ಒಂದೊಂದು ರನ್‌ವೇ. ಗೆರೆಗಳ ಮೇಲೆ ಬೆಳಕಿನ ಚುಕ್ಕಿಗಳು ಅಕ್ಕಪಕ್ಕ ತೆವಳುತ್ತಿವೆ. ಪ್ರತಿ ಚುಕ್ಕಿಯೂ ಒಂದು ವಿಮಾನ, ಅದರೊಳಗೆ ಬೆಲ್ಟು ಬಿಗಿದುಕೊಂಡು ಆಕಳಿಸುತ್ತಿರುವ ಮುನ್ನೂರು ಜನ. ಗೆರೆಗಳ ನಡುವೆ ಒಂದು ಕೆಂಪು ಪಟ್ಟಿ. ಅದರೊಳಗೆ ಯಾರೂ ಮೂತಿ ತೂರಿಸುವಂತಿಲ್ಲ. ತೂರಿಸಿದರೆ ಪಕ್ಕದವರ ರೆಕ್ಕೆ ಬಲು ಹತ್ತಿರ.

ಆ ಪಟ್ಟಿಯನ್ನು ದಿಟ್ಟಿಸುವುದೇ ಇನ್‌ಸುಕ್ ಅವರ ಉದ್ಯೋಗ. ವಿಮಾನಗಳನ್ನು ಸಾಲಿಗೆ ಹಚ್ಚುವವರು ಬೇರೆ, ಇಳಿಯಲು ಒಪ್ಪಿಗೆ ಕೊಡುವವರು ಬೇರೆ. ಇವರು ಸುಮ್ಮನಿರಬೇಕು. ಯಾವುದಾದರೂ ಚುಕ್ಕಿ ಪಟ್ಟಿಯ ಕಡೆ ವಾಲಿತೋ, ಗುಂಡಿ ಒತ್ತುತ್ತಾರೆ. ಮಿಕ್ಕವರ ದನಿಯೆಲ್ಲ ಕತ್ತರಿಸಿಹೋಗಿ ಇವರದೊಂದೇ ಪೈಲಟ್ಟರ ಕಿವಿಗೆ ಬೀಳುತ್ತದೆ.

"ತಿಂಗಳುಗಟ್ಟಲೆ ಬಾಯೇ ತೆಗಿಯಲ್ಲ ನಾನು," ಎನ್ನುತ್ತಾರೆ. "ಸುಮ್ನಿರೋದಕ್ಕೆ ಸಂಬಳ ತಗೊಳ್ಳೋ ಹೆಂಗಸು ನೀನೊಬ್ಳೇ, ಅದನ್ನ ಮನೇಲೂ ಸ್ವಲ್ಪ ಅಭ್ಯಾಸ ಮಾಡು ಅಂತಾರೆ ನಮ್ಮೆಜಮಾನ್ರು."

ಅನುಮಾನ ಇವರಿಗೆ ಕೆಲಸದಿಂದ ಬಂದದ್ದೋ, ಅನುಮಾನದಿಂದಲೇ ಕೆಲಸ ಬಂದದ್ದೋ ಹೇಳುವುದು ಕಷ್ಟ. ಇವರ ಬಗ್ಗೆ ಬರೆಯಲು ಬಂದ ನನ್ನ ಗುರುತಿನ ಚೀಟಿಯನ್ನು ಕಾವಲಿನವರು ನೋಡಿಯೇ ಒಳಬಿಟ್ಟಿದ್ದರು; ಇವರು ಅದನ್ನು ಇನ್ನೊಮ್ಮೆ ಇಸಿದುಕೊಂಡು, ಫೋಟೋದಲ್ಲಿ ಕೂದಲು ಜಾಸ್ತಿ ಇದೆಯಲ್ಲ ಎಂದು ಕೇಳಿದರು. ಪಾಳಿಗೆ ಮುಂಚೆ ಕಡಲಪಾಚಿಯ ಸಾರನ್ನು ಮುಟ್ಟುವುದಿಲ್ಲ. ಜಾರುವ ತಿನಿಸು, ತಿಂದರೆ ಹಿಡಿದ ಕೆಲಸವೂ ಜಾರುತ್ತದೆಂದು ಪರೀಕ್ಷೆಗೆ ಹೋಗುವ ಮಕ್ಕಳಿಗೇ ನಾವು ಕೊಡುವುದಿಲ್ಲವಲ್ಲ. ಹುಟ್ಟುಹಬ್ಬದ ದಿನ ಮಾತ್ರ ನಮ್ಮಲ್ಲಿ ಆ ಸಾರಿಲ್ಲದೆ ಆಗದು. ಇವರು ಅದನ್ನು ಮನೆಗೆ ಹೋಗಿ, ರಾತ್ರಿ, ಆರಿಸಿಕೊಂಡು ಕುಡಿಯುತ್ತಾರೆ. ಇದನ್ನೆಲ್ಲ ನಂಬುತ್ತೀರಾ ಎಂದರೆ, ನಂಬುವುದಿಲ್ಲ, ಆದರೆ ನಂಬದೆ ಇರುವುದರ ಮೇಲೂ ಪೂರ್ತಿ ನಂಬಿಕೆಯಿಲ್ಲ ಎನ್ನುತ್ತಾರೆ.

ಇವರ ತಾಯಿ ಇದೇ ಕರಾವಳಿಯಲ್ಲಿ ಇಳಿತದ ಹೊತ್ತಿಗೆ ಕೆಸರಿಗಿಳಿದು ಚಿಪ್ಪುಮೀನು ಅಗೆದು ಬದುಕಿದವರು. ನೀರು ಯಾವಾಗ ಹಿಂದಿನಿಂದ ಸುತ್ತಿಕೊಂಡು ಬರುತ್ತದೋ ಗೊತ್ತಾಗದ ಜಾಗ ಅದು. ಎದುರಿನ ಅಲೆಗೆ ಹೆದರಬೇಡ, ಬೆನ್ನ ಹಿಂದಿನ ಸದ್ದಿಲ್ಲದ ನೀರಿಗೆ ಹೆದರು ಎಂದು ಮಗಳನ್ನು ಬೆಳೆಸಿದರು. ಮಗಳು ಆ ಪಾಠವನ್ನು ಅಗತ್ಯಕ್ಕಿಂತ ಚೆನ್ನಾಗಿ ಕಲಿತಳೆಂಬುದು ಈಗ ಮುದುಕಿಯ ದೂರು. "ಹುಟ್ಟೋವಾಗ್ಲೇ ಬರ್ಲೋ ಬೇಡ್ವೋ ಅಂತ ಎರಡು ದಿನ ಯೋಚನೆ ಮಾಡಿದವಳಿವಳು," ಎಂದು ಅವರು ಕಿಮ್ಚಿ ಬಡಿಸುತ್ತಾ ಗೊಣಗುತ್ತಾರೆ.

ಮಂಜು ಕವಿದ ದಿನಗಳೆಂದರೆ ಇನ್‌ಸುಕ್ ಅವರಿಗೆ ನೆಮ್ಮದಿ. ಎಲ್ಲರೂ ಹೆದರಿ, ನೆಟ್ಟಗೆ ಹಾರುತ್ತಾರೆ. ಇವರಿಗೆ ಆಗದಿರುವುದು ಶುಭ್ರವಾದ ಬೆಳಗು. ಆಕಾಶ ತಿಳಿಯಾಗಿದ್ದರೆ, ಪಕ್ಕದ ವಿಮಾನ ಕಾಣುತ್ತಿದೆಯೇ ಎಂದು ನಿಯಂತ್ರಕರು ಪೈಲಟ್ಟರನ್ನು ಕೇಳುತ್ತಾರೆ. ಕಾಣುತ್ತಿದೆ ಎಂದುಬಿಟ್ಟರೆ ಆಯಿತು. ಅಲ್ಲಿಂದಾಚೆ ಅಂತರ ಕಾಯುವ ಹೊಣೆ ಪೈಲಟ್ಟರ ಕಣ್ಣಿಗೆ. ಚುಕ್ಕಿ ಪಟ್ಟಿಯ ಕಡೆ ವಾಲಿದರೆ ಕೂಗಬೇಕಾದ ಎಚ್ಚರಿಕೆಯ ಯಂತ್ರವೂ ಆಗ ದನಿ ತಗ್ಗಿಸುತ್ತದೆ. "ಕಾಣ್ತಿದೆ ಅನ್ನೋದು ಸರಿ. ಯಾವುದು ಕಾಣ್ತಿದೆ?" ಎಂಬುದು ಇನ್‌ಸುಕ್ ಅವರ ತಕರಾರು.

ಆ ತಕರಾರು ಕಳೆದ ಶರತ್ಕಾಲದಲ್ಲಿ ಇವರ ಕುರ್ಚಿಗೇ ಸಂಚಕಾರ ತಂದಿತು. ಚುಸೋಕ್ ಎಂಬ ಸುಗ್ಗಿ ಹಬ್ಬದ ಹಿಂದಿನ ದಿನ, ಕನ್ನಡಿಯಂಥ ಬೆಳಗು, ಊರಿಗೆ ಹೊರಟವರಿಂದ ತುಂಬಿದ ವಿಮಾನ. ಕ್ಯಾಪ್ಟನ್ ಪ್ಯೋ ಎಂಬ ಹಳೆಯ ಹುಲಿ, ಪಕ್ಕದ್ದು ಕಾಣುತ್ತಿದೆ ಎಂದರು. ಸ್ವಲ್ಪ ಹೊತ್ತಿಗೆ ಅವರ ಚುಕ್ಕಿ ಪಕ್ಕದ ಗೆರೆಯ ಕಡೆಗೆ ಕೂದಲೆಳೆಯಷ್ಟು ಬಾಗಿತು. ಯಂತ್ರ ಸುಮ್ಮನಿತ್ತು. ಇನ್‌ಸುಕ್ ಸುಮ್ಮನಿರಲಿಲ್ಲ. ಗುಂಡಿ ಒತ್ತಿ, ಇಳಿಯಬೇಡಿ, ತಕ್ಷಣ ಬಲಕ್ಕೆ ಹೊರಳಿ ಮೇಲೇರಿ ಎಂದರು. ವಿಮಾನ ಗರ್ಜಿಸಿ ಮೇಲೆದ್ದಿತು. ಹಬ್ಬದ ಅಕ್ಕಿಕಡುಬಿನ ಡಬ್ಬಿಗಳು ತಲೆಯ ಮೇಲಿಂದ ಉರುಳಿದವು, ಎಷ್ಟೋ ಜನ ವಾಂತಿ ಮಾಡಿಕೊಂಡರು, ಒಬ್ಬಜ್ಜಿ ತೀರಿಹೋದ ಗಂಡನ ಜೊತೆ ಗಟ್ಟಿಯಾಗಿ ಮಾತಾಡತೊಡಗಿದರಂತೆ.

ವಿಮಾನ ಸಂಸ್ಥೆ ದೂರು ಕೊಟ್ಟಿತು. ಪೈಲಟ್ ನೋಡಿದ್ದಾರೆ, ಯಂತ್ರ ಕೂಗಿಲ್ಲ, ಹಾಗಾದರೆ ಈ ಹೆಂಗಸಿಗೆ ಏನು ಕಂಡಿತು? ವಿಚಾರಣೆ ನಿಗದಿಯಾಯಿತು. ತಪ್ಪೆಂದು ತೀರ್ಮಾನವಾದರೆ ಈ ಕುರ್ಚಿ ಹೋಗಿ, ಕಚೇರಿಯ ಯಾವುದೋ ಮೂಲೆಯ ಮೇಜು. ವಿಚಿತ್ರವೆಂದರೆ ಇವರ ಕೆಲಸ ಸರಿಯಾಗಿ ನಡೆದಾಗ ಏನೂ ನಡೆಯುವುದಿಲ್ಲ. ನಡೆಯದೇ ಹೋದದ್ದಕ್ಕೆ ಸಾಕ್ಷಿಯನ್ನು ಯಾವ ಅಂಗಡಿಯಿಂದ ತರುವುದು?

ವಿಚಾರಣೆಯ ಹಿಂದಿನ ವಾರ ಮನೆ ಬಾಗಿಲಿಗೆ ಒಣ ಪರ್ಸಿಮನ್ ಹಣ್ಣಿನ ಪೆಟ್ಟಿಗೆ ಬಂತು, ಮೇಲೆ ಕ್ಯಾಪ್ಟನ್ ಪ್ಯೋ ಅವರ ಹೆಸರು. ತಾಯಿಗೆ ಬಾಯಲ್ಲಿ ನೀರು. ಮಗಳಿಗೆ ಬೆನ್ನಲ್ಲಿ ಬೆವರು. ಇದು ಕ್ಷಮೆಯೋ, ಮನವಿಯೋ, ಬಲೆಯೋ? ಸರ್ಕಾರಿ ನೌಕರಳು ಉಡುಗೊರೆ ಮುಟ್ಟಿದಳೆಂದರೆ ಕುರ್ಚಿ ಕಳೆಯಲು ವಿಚಾರಣೆಯೇ ಬೇಡ. ಪೆಟ್ಟಿಗೆಯ ದಾರವನ್ನೂ ಸಡಿಲಿಸದೆ ಸಾಮಾನು ಸಾಗಿಸುವ ಬೈಕಿನ ಹುಡುಗನ ಕೈಯಲ್ಲಿ ಹಿಂದಕ್ಕೆ ಕಳಿಸಿದರು. ಆದರೆ ಒಂದು ಪ್ರಶ್ನೆ ಮನೆಯಲ್ಲೇ ಉಳಿಯಿತು: ಕಣ್ಣಾರೆ ಕಂಡಿದ್ದವನು ಹಣ್ಣು ಯಾಕೆ ಕಳಿಸುತ್ತಾನೆ?

ತಂಡದ ಮುಖ್ಯಸ್ಥ ಬಾನ್ ಗಿಚೋಲ್ ಇವರಿಗಿಂತ ಚಿಕ್ಕವರು. ಪೆಟ್ಟಿಗೆಯ ವಿಷಯವನ್ನು ವಿಚಾರಣೆಯಲ್ಲಿ ಹೇಳಿಬಿಡಿ ಅಕ್ಕಾ, ಗೆದ್ದುಬಿಡುತ್ತೀರಿ ಎಂದು ದುಂಬಾಲು ಬಿದ್ದರಂತೆ. ಇವರು ಒಪ್ಪಲಿಲ್ಲ. "ನನ್ನ ಅನುಮಾನ ಏನಿದ್ರೂ ಆಕಾಶದಲ್ಲಿರೋರ ಮೇಲೆ. ನೆಲದ ಮೇಲಿರೋ ಮನುಷ್ಯನ ಮಾನ ಅದ್ರಲ್ಲಿ ತೆಗಿಯೋಕಾಗಲ್ಲ ಗಿಚೋಲ್."

ವಿಚಾರಣೆಯಲ್ಲಿ ಕೇಳಿದ್ದು ಒಂದೇ ಮಾತು: ಅಷ್ಟು ಅನುಭವಿ ಪೈಲಟ್ ಕಾಣುತ್ತಿದೆ ಎಂದಾಗ ಯಾಕೆ ನಂಬಲಿಲ್ಲ?

"ತುಂಬ ಬೇಗ ಉತ್ತರ ಕೊಟ್ರು," ಎಂದರು ಇನ್‌ಸುಕ್. "ಎಡಗಡೆ ನೋಡಿ ಅಂತ ನಮ್ಮೋರ ಮಾತು ಮುಗಿದಿದ್ದೇ ತಡ, ಕಾಣ್ತಿದೆ ಅಂದ್ರು. ಕತ್ತು ತಿರುಗಿಸೋಕಾದ್ರೂ ಹೊತ್ತು ಬೇಕಲ್ವಾ?"

ಕೋಣೆಯಲ್ಲಿ ಯಾರೋ ನಕ್ಕರು, ಆಮೇಲೆ ಯಾರೂ ನಗಲಿಲ್ಲ. ನಮ್ಮಲ್ಲಿ ಕೇಳಿದವರನ್ನು ಕಾಯಿಸುವುದು ಅವಮರ್ಯಾದೆ. ಸಾರಿನಂಗಡಿಯಲ್ಲಿ ನಾವು ಬಾಯಿ ತೆರೆಯುವ ಮುಂಚೆಯೇ ಬಂತು ಬಂತು ಎನ್ನುತ್ತಾರೆ. ಬಂದದ್ದು ಬೇರೆಯವರ ಬಟ್ಟಲಾದರೂ ಉಣ್ಣುತ್ತೇವೆ. ಅಧ್ಯಕ್ಷರು ಕ್ಯಾಪ್ಟನ್ ಕಡೆ ತಿರುಗಿ, ನೀವು ಕಂಡ ವಿಮಾನದ ಬಾಲದ ಬಣ್ಣ ಯಾವುದು ಎಂದರು. ಪ್ಯೋ ಬಣ್ಣ ಹೇಳಲಿಲ್ಲ. ಒಂದು ವಿಮಾನ ಕಂಡದ್ದು ನಿಜ, ಅದು ಪಕ್ಕದ ಗೆರೆಯದೋ, ನನ್ನದೇ ಗೆರೆಯಲ್ಲಿ ಮುಂದೆ ಹೋಗುತ್ತಿದ್ದದ್ದೋ ಈಗ ಹೇಳಲಾರೆ ಎಂದರು. ಅಷ್ಟು ಹೇಳಲು ಎದೆ ಬೇಕು. ಪೆಟ್ಟಿಗೆ ಕ್ಷಮೆಯದೇ ಇದ್ದಿರಬಹುದು. ಇನ್‌ಸುಕ್ ಇನ್ನೂ ತೀರ್ಮಾನಿಸಿಲ್ಲ.

ಆದೇಶ ಮೊನ್ನೆ ಬಂದಿದೆ. ಎರಡೂ ಕಡೆ ನೋಯದಂತೆ ಬರೆದ ಕಾಗದ. ಕುರ್ಚಿ ಉಳಿದಿದೆ. ಆದರೆ ಕೊನೆಯ ಸಾಲಿನಲ್ಲಿ ಒಂದು ಬುದ್ಧಿಮಾತು: ಸದರಿ ಸಿಬ್ಬಂದಿ ಇನ್ನು ಮುಂದೆ ಪೈಲಟ್ಟರ ಮಾತಿನಲ್ಲಿ ಹೆಚ್ಚಿನ ನಂಬಿಕೆ ಇಡತಕ್ಕದ್ದು.

ಪಾಳಿ ಬದಲಾಗುವ ಹೊತ್ತು. ಬಾರ್ಲಿ ನೀರು ಗುಟುಕರಿಸುತ್ತಿದ್ದ ಇನ್‌ಸುಕ್ ಅವರನ್ನು, ಇನ್ನಾದರೂ ನಂಬುತ್ತೀರಾ ಎಂದು ಕೇಳುತ್ತೇನೆ. ಅವರು ಉತ್ತರಕ್ಕೆ ಅವಸರ ಮಾಡುವುದಿಲ್ಲ.

"ನಂಬ್ದೆ ಏನು, ಎಲ್ರನ್ನೂ ನಂಬ್ತೀನಿ," ಎನ್ನುತ್ತಾರೆ. "ಇಳಿದ ಮೇಲೆ."